ಚಾಸಿ ಇಲ್ಲದ ಕಾರಿನ ಎಡಬಾಗಿಲು

ಆ ಬೇಸಿಗೆಯಲ್ಲಿ ನಾನು ಕಿಸೆಯಲ್ಲಿ ರಟ್ಟಿನ ಎಂಟು ಪಟ್ಟಿಗಳನ್ನು ಇಟ್ಟುಕೊಂಡು ತಿರುಗುತ್ತಿದ್ದೆ. ಸುದ್ದಿ ಬರೆಯುವ ಪ್ಯಾಡು ಮುಗಿದಾಗ ಉಳಿಯುವ ಹಿಂದಿನ ರಟ್ಟನ್ನು ಬೆರಳಗಲಕ್ಕೆ ಕತ್ತರಿಸಿ ಮಾಡಿಕೊಂಡವು. ಕಾರು ನಿಲ್ಲಿಸಿದಲ್ಲೆಲ್ಲ ಎಡಬಾಗಿಲಿನ ಸಂದಿಯಲ್ಲಿ ಅವನ್ನು ತೂರಿಸಿ ನೋಡುತ್ತಿದ್ದೆ. ಸಪಾಟು ನೆಲದಲ್ಲಿ ಬಾಗಿಲಿನ ಮೇಲಿನ ಮೂಲೆಯಲ್ಲಿ ಎರಡು ಪಟ್ಟಿ ಹಿಡಿಯುತ್ತಿದ್ದವು, ಕೆಳಗಿನ ಮೂಲೆಯಲ್ಲಿ ಆರು. ಒಂದು ಗಾಲಿ ಕಲ್ಲಿನ ಮೇಲೆ ಏರಿ ನಿಂತಿದ್ದರೆ ಮೇಲೆ ಒಂದೂ ಹಿಡಿಯುತ್ತಿರಲಿಲ್ಲ. ಅಂದರೆ ಕಾರಿನ ನಡು ಇಳಿದಿತ್ತು.

ಅದು ಎರಡು ಬಾಗಿಲಿನ, ಮೇಲೆ ಕ್ಯಾನ್ವಾಸಿನ ಮಾಡು ಇದ್ದ ಸಣ್ಣ ವಿಲಾಯತಿ ಕಾರು. ಕೊಲ್ಹಾಪುರದ ಒಬ್ಬ ಮುದಿ ಡಾಕ್ಟರರು ಕಣ್ಣು ಮಂದವಾಯಿತೆಂದು ಮಾರಿದರು. ಆಗ ನಮ್ಮ ಕಡೆ ಓಡುತ್ತಿದ್ದ ಟ್ರಕ್ಕು, ಜೀಪುಗಳಿಗೆಲ್ಲ ಅಡಿಯಲ್ಲಿ ಎರಡು ಉದ್ದನೆಯ ಉಕ್ಕಿನ ತೊಲೆಗಳ ಚಾಸಿ ಇರುತ್ತಿತ್ತು. ಮೇಲಿನ ಮೈಯನ್ನು ಬಿಚ್ಚಿ ಇಟ್ಟರೂ ಚಾಸಿ ಓಡುತ್ತಿತ್ತು. ಈ ಕಾರಿಗೆ ಅದಿರಲಿಲ್ಲ. ತಳ, ಬದಿ, ಮಾಡು ಎಲ್ಲವೂ ತಗಡಿನ ಒಂದೇ ಡಬ್ಬಿಯಾಗಿ ಭಾರ ಹೊರಬೇಕು. ನನ್ನ ಕಾರಿನಲ್ಲಿ ಮಾಡೇ ಬಟ್ಟೆಯದಾದ್ದರಿಂದ ಆ ಭಾರವೂ ತಳದ ಮೇಲೆ, ಅದರಲ್ಲೂ ಬಾಗಿಲ ಕೆಳಗಿನ ಹೊಸ್ತಿಲಿನ ಮೇಲೆ ಬೀಳುತ್ತಿತ್ತು. ಆ ಹೊಸ್ತಿಲು ಒಳಗಿಂದೊಳಗೇ ತುಕ್ಕು ತಿಂದಿತ್ತು. ಇದೆಲ್ಲ ನನಗೆ ತಿಳಿದದ್ದು ಕೊಂಡ ಮೇಲೆ.

ಕೊಂಡದ್ದು ಯಾಕೆಂದು ಹೇಳಬೇಕು. ನಾನು ಹುಬ್ಬಳ್ಳಿಯ ಒಂದು ಕನ್ನಡ ದಿನಪತ್ರಿಕೆಗೆ ಕೊಲ್ಹಾಪುರದಿಂದ ಸುದ್ದಿ ಕಳಿಸುತ್ತಿದ್ದೆ. ಮುಂಬಯಿ ರಾಜ್ಯ ಒಡೆದು ಕೆಲವೇ ವರ್ಷಗಳಾಗಿದ್ದವು. ಗಡಿಯ ಸುದ್ದಿಗೆ ಬೇಡಿಕೆ ಇತ್ತು. ಮಹಾದ್ವಾರ ರಸ್ತೆಯ ಹಿಂದಿನ ಓಣಿಯಲ್ಲಿ ಮಾಳಿಗೆಯ ಮೇಲೊಂದು ಖೋಲಿ, ಊಟಕ್ಕೆ ಖಾನಾವಳಿ. ಖಾನಾವಳಿಯವರು ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ. ‘ಕಾನಡಿ ಪೇಪರವಾಲೆ’ ಎನ್ನುತ್ತಿದ್ದರು. ಹೆಂಡತಿ ಗಡಹಿಂಗ್ಲಜದಲ್ಲಿ ಹುಡುಗಿಯರ ಶಾಲೆಯಲ್ಲಿ ಮಾಸ್ತರಿಣಿ. ನಲವತ್ತು ಮೈಲಿಗೂ ಮೀರಿದ ದಾರಿ. ಕಾಗಲ ದಾಟಿ ನಿಪ್ಪಾಣಿಗೆ ಬಂದರೆ ಮೈಸೂರು ರಾಜ್ಯ, ಸಂಕೇಶ್ವರ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಮತ್ತೆ ಮಹಾರಾಷ್ಟ್ರ. ಮದುವೆಯಾಗಿ ಐದು ವರ್ಷ, ಐದು ವರ್ಷವೂ ನಾವು ಹೀಗೇ ಇದ್ದೆವು. ಶನಿವಾರಕ್ಕೊಮ್ಮೆ ನಾನು ಹೋಗಬೇಕು ಎಂಬುದು ಮಾತು. ಆದರೆ ಶನಿವಾರದ ಸುದ್ದಿಯ ಪಾಕೀಟನ್ನು ಸಂಜೆ ಆರಕ್ಕೆ ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕಿತ್ತು. ಗಡಹಿಂಗ್ಲಜಕ್ಕೆ ಹೋಗುವ ಕೊನೆಯ ಬಸ್ಸು ಐದಕ್ಕೇ ಹೋಗಿಬಿಡುತ್ತಿತ್ತು. ನಾಲ್ಕರಲ್ಲಿ ಮೂರು ಶನಿವಾರ ನಾನು ಹೋಗುತ್ತಿರಲಿಲ್ಲ.

ಆ ವರ್ಷ ಕೊಲ್ಹಾಪುರದ ಒಂದು ಶಾಲೆಯಲ್ಲಿ ಜಾಗ ತೆರವಾಯಿತು. ಬರುತ್ತಾಳೋ ಇಲ್ಲವೋ ಎಂದು ಒಂದು ಫಾರ್ಮು ತುಂಬಿ ಕೊಡಬೇಕೆಂದು ಅವಳಿಗೆ ತಿಳಿಸಿದ್ದರು. ನನಗೆ ಅದು ಮುಗಿದ ವಿಷಯವೆನಿಸಿತು. ಅವಳಿಗೆ ಹಾಗೆನಿಸಲಿಲ್ಲ.

“ಇಲ್ಲೆ ಒಬ್ಬಾಕೆ ಇದ್ರ ನನಗೊಂದ ಊರೈತಿ,” ಎಂದಳು. “ಅಲ್ಲೆ ಒಬ್ಬಾಕೆ ಇದ್ರ ನಿಮ್ಮ ಖೋಲಿ ಅಷ್ಟ.”

ನಾನು ಇರುತ್ತೇನಲ್ಲ ಎಂದೆ. ಅವಳು ನಕ್ಕಳು. ಆಮೇಲೆ ಶರತ್ತು ಹಾಕಿದಳು.

“ನಾಕ ಶನಿವಾರ ಸಾಲಾಗಿ ಬರ್ರಿ. ಒಂದೂ ತಪ್ಪಬಾರ್ದು. ಆಮ್ಯಾಲ ನಾ ವಿಚಾರ ಮಾಡತೇನಿ.”

ಫಾರ್ಮು ಕೊಡುವ ಕೊನೆಯ ದಿನ ನಾಲ್ಕನೆಯ ಶನಿವಾರದ ಮರು ಸೋಮವಾರ ಬರುತ್ತಿತ್ತು. ಬಸ್ಸಿನಿಂದ ಇದು ಆಗದ ಕೆಲಸ. ಅದಕ್ಕೇ ಕಾರು.

ಮೊದಲನೆಯ ಶನಿವಾರ ಆರಕ್ಕೆ ಪಾಕೀಟು ಕೊಟ್ಟು ಹೊರಟು, ಊಟದ ಹೊತ್ತಿಗೆ ಗಡಹಿಂಗ್ಲಜ ಮುಟ್ಟಿದೆ. ಎರಡನೆಯದೂ ಹಾಗೆಯೇ ಆಯಿತು. ಆ ಭಾನುವಾರ ಅವಳನ್ನು ಕೂಡಿಸಿಕೊಂಡು ಸಾಮಾನಗಡದ ಕಡೆ ಹೊರಟೆ. ಊರು ಬಿಟ್ಟ ಮೇಲೆ ರಸ್ತೆ ಕೆಟ್ಟಿತ್ತು. ಒಂದು ತಿರುವಿನಲ್ಲಿ ಮುಂದಿನ ಎಡಗಾಲಿ ತಗ್ಗಿಗೆ ಇಳಿಯಿತು, ಹಿಂದಿನದು ಏರಿತು, ಎಡಬಾಗಿಲು ತಾನಾಗಿ ತೆರೆದುಕೊಂಡಿತು. ಅವಳ ಅರ್ಧ ಮೈ ಹೊರಗೆ ಹೋಯಿತು. ಮುಂದಿನ ಡ್ಯಾಶ್‌ಬೋರ್ಡಿನ ಹಲಗೆಯನ್ನು ಹಿಡಿದು ಉಳಿದಳು. ಸೆರಗು ಹಿಂದಿನ ಗಾಲಿಗೆ ಸಿಕ್ಕು ಒಂದು ಮೊಳ ಹರಿಯಿತು. ಗಾಡಿ ನಿಂತ ಮೇಲೆ ಅವಳು ಇಳಿದು ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇಳಿ ಅನ್ನಾಕತ್ತಿತ್ರಿ ನಿಮ್ಮ ಗಾಡಿ. ಇಳದೆ,” ಎಂದಳು. ಊರಿನ ತನಕ ನಡೆದೇ ಬಂದಳು. ನಾನು ಪಕ್ಕದಲ್ಲಿ ಮೊದಲನೆಯ ಗೇರಿನಲ್ಲಿ ಕಾರು ಓಡಿಸುತ್ತ ಬಂದೆ. ಎದುರಾದ ರೈತನೊಬ್ಬ ಚಕ್ಕಡಿ ನಿಲ್ಲಿಸಿ, ಏನು ಜಗಳವೇ ಎಂದು ಅವಳನ್ನು ಕೇಳಿದ. ಗಾಡಿ ಕಲಿಸುತ್ತಿದ್ದೇನೆ ಎಂದು ಅವಳು ಹೇಳಿದಳು.

ಬಾಗಿಲು ಸರಿಯಾಗುವವರೆಗೆ ಕೂಡುವುದಿಲ್ಲವೆಂದಳು. ಎರಡು ಶನಿವಾರ ಆದವು, ಎರಡು ಉಳಿದವು ಎಂದೂ ಹೇಳಿದಳು. ಅವಳು ಲೆಕ್ಕ ಮುರಿಯಲಿಲ್ಲ ಎಂಬುದನ್ನು ದಾಖಲಿಸಬೇಕು.

ಸೋಮವಾರ ಕಾರನ್ನು ಉದ್ಯಮನಗರಕ್ಕೆ ಒಯ್ದೆ. ಅಲ್ಲಿ ಟ್ರಕ್ಕಿನ ಮೈ ಕಟ್ಟುವ ಮಿಸ್ತ್ರಿಯೊಬ್ಬರಿದ್ದರು. ಅವರ ಹಿರಿಯರು ಸಂಕೇಶ್ವರದ ಕಡೆಯವರು. ನನ್ನ ಕೂಡ ಕನ್ನಡದಲ್ಲಿ ಸುರು ಮಾಡಿ, ಸಿಟ್ಟು ಬಂದಾಗ ಮರಾಠಿಗೆ ಹೋಗುತ್ತಿದ್ದರು. ಕಬ್ಬಿಣದ ಗಾಣದಿಂದ ಹಿಡಿದು ಬೆಲ್ಲದ ಕೊಪ್ಪರಿಗೆಯವರೆಗೆ ಮುರಿದದ್ದನ್ನೆಲ್ಲ ಅವರಲ್ಲಿಗೆ ತರುತ್ತಿದ್ದರು. ಅವರು ಕಾರಿನ ಕೆಳಗೆ ಅಂಗಾತ ಹೋಗಿ, ಬಹಳ ಹೊತ್ತು ಅಲ್ಲೇ ಇದ್ದು ಹೊರಬಂದರು.

“ಸಾಹೇಬ್ರ, ಇದಕ್ಕ ಚಾಸಿನ ಇಲ್ಲಲ್ರಿ. ಯಾರೋ ಬಿಸ್ಕೀಟಿನ ಡಬ್ಬಿಗೆ ಗಾಲಿ ಹಚ್ಚಿ ನಿಮಗ ಮಾರ್‍ಯಾರ.”

ಅವರ ಉಪಾಯ ಸರಳ. ಇಲ್ಲದ ಚಾಸಿಯನ್ನು ಹಾಕುವುದು. ಮೂಲೆಯಲ್ಲಿ ಅಪಘಾತದ ಟ್ರಕ್ಕೊಂದರ ಚಾಸಿ ಬಿದ್ದಿತ್ತು. ಅದರ ಚಾನೆಲ್ಲುಗಳನ್ನು, ಅಂದರೆ ಮೂರು ಬದಿಯ ಉಕ್ಕಿನ ತೊಲೆಗಳನ್ನು ಕತ್ತರಿಸಿ, ಕಾರಿನ ಎರಡೂ ಹೊಸ್ತಿಲಿನ ಕೆಳಗೆ ಮುಂದಿನಿಂದ ಹಿಂದಿನವರೆಗೆ ಬೆಸೆಯುತ್ತೇನೆ ಎಂದರು. ಮೂರು ದಿನದ ಕೆಲಸ. ಚಾನೆಲ್ಲಿನ ಒಂದು ತುಂಡನ್ನು ಎತ್ತಿ ನೋಡಿದೆ; ಎರಡೂ ಕೈ ಬೇಕಾದವು. ಕಾರಿನ ಇಂಜಿನು ಸಣ್ಣದು, ಇಷ್ಟು ಭಾರ ಎಳೆದೀತೇ ಎಂದೆ. ಎಳೆಯದಿದ್ದರೆ ಇಂಜಿನನ್ನೂ ಟ್ರಕ್ಕಿನದೇ ಹಾಕೋಣ ಎಂದರು.

ನಾನು ಒಬ್ಬರ ಮಾತಿನ ಮೇಲೆ ಬರೆಯುವವನಲ್ಲ. ಮುಂಬಯಿಯ ಬಿಡಿಭಾಗದ ವ್ಯಾಪಾರಿಯೊಬ್ಬರಿಗೆ ಹಿಂದೆಯೇ ಕಾಗದ ಹಾಕಿದ್ದೆ. ಕಾರು ಮಾಡಿದವರೇ ಇಂಥ ಬಟ್ಟೆ ಮಾಡಿನ ಗಾಡಿಗಳಿಗೆಂದು ಹೊಸ್ತಿಲಿನ ಒಳಗೆ ಕೂಡುವ ತಗಡಿನ ಪೆಟ್ಟಿಗೆ, ಮುಂದಿನ ಹಲಗೆಯ ಎರಡು ತುದಿಗೆ ತ್ರಿಕೋನ ತಗಡು ಮಾಡುತ್ತಾರೆ, ಆದರೆ ಪರವಾನಗಿ ಇಲ್ಲದೆ ತರಿಸಲಾಗದು ಎಂದು ಅವರ ಉತ್ತರ ಬಂತು. ಉತ್ತರದೊಳಗೆ ಕೈಯಿಂದ ಬರೆದ ಒಂದು ಚಿತ್ರ ಇತ್ತು.

ಮಂಗಳವಾರ ಇಚಲಕರಂಜಿಯಲ್ಲಿ ನೂಲಿನ ಹಂಚಿಕೆಯ ಬಗ್ಗೆ ಮಗ್ಗದವರ ಸಭೆ. ಕಾರಿನಲ್ಲೇ ಹೋದೆ. ಸಭೆ ಮುಗಿದ ಮೇಲೆ, ನನಗೆ ಮೊದಲಿಂದ ಪರಿಚಯವಿದ್ದ ಒಬ್ಬ ಜಾಬರ ಕಾರಿನ ಸುತ್ತ ತಿರುಗಿದರು. ಜಾಬರ ಎಂದರೆ ವಿದ್ಯುತ್ ಮಗ್ಗಗಳನ್ನು ಕೂಡಿಸಿ ರಿಪೇರಿ ಮಾಡುವವರು. ಐವತ್ತರ ಆಸುಪಾಸಿನ ಮನುಷ್ಯ. ಮಗ್ಗದ ಸದ್ದಿನಿಂದ ಕಿವಿ ಮಂದ. ಆದ್ದರಿಂದ ಮಾತಿಗಿಂತ ಮೊದಲು ಕೈ ಇಟ್ಟು ನೋಡುತ್ತಿದ್ದರು. ಎಡಹೊಸ್ತಿಲಿನ ಮೇಲೆ ಅಂಗೈ ಇಟ್ಟು, ಕಾರಿನ ಮೂಲೆಯನ್ನು ಮೊಣಕಾಲಿನಿಂದ ಅಲುಗಾಡಿಸಿದರು.

ನಾನು ಮಿಸ್ತ್ರಿಯ ಚಾನೆಲ್ಲಿನ ಮಾತು ಹೇಳಿದೆ. ಅವರು ನನ್ನನ್ನು ಶೆಡ್ಡಿನೊಳಗೆ ಕರೆದೊಯ್ದು, ನಿಂತಿದ್ದ ಮಗ್ಗವೊಂದನ್ನು ತೋರಿಸಿದರು. ಮಗ್ಗ ಅಲುಗಾಡಿದರೆ ಎಳೆ ಹರಿಯುತ್ತದೆ. ಅಲುಗಾಟ ನಿಲ್ಲಿಸಲು ಕಾಲನ್ನು ದಪ್ಪ ಮಾಡುವುದಿಲ್ಲ, ಎರಡು ಬದಿಯನ್ನು ಅಡ್ಡಪಟ್ಟಿಯಿಂದ ಕಟ್ಟುತ್ತೇವೆ ಎಂದರು. ಕಾರಿಗೂ ತೆಳ್ಳಗಿನ ತಗಡನ್ನೇ ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆಯಾಗಿ ಮಡಚಿ ಹೊಸ್ತಿಲೊಳಗೆ ಕೂಡಿಸಬೇಕು, ಸೀಟಿನ ಹಿಂದೆ ಒಂದು ಕೊಳವೆ ಅಡ್ಡ ಹಾಕಬೇಕು, ಮುಂದಿನ ಎರಡು ಮೂಲೆಗೆ ತ್ರಿಕೋನ ತಗಡು. ಮುಂಬಯಿಯ ಚಿತ್ರವನ್ನು ತೋರಿಸಿದೆ. ನೋಡಿ, ಮಡಚಿ, ನನ್ನ ಕಿಸೆಗೇ ಇಟ್ಟರು. ಅವರಿಗೆ ಅದು ಬೇಕಿರಲಿಲ್ಲ.

ಆಮೇಲೆ ಒಂದು ಮಾತು ಹೇಳಿದರು. ಮಗ್ಗದ ಬೋಲ್ಟುಗಳನ್ನು ಅವರು ಕೊನೆಯ ಸಲ ಬಿಗಿಯುವುದು ಮಗ್ಗ ತನ್ನ ಜಾಗದಲ್ಲಿ ನಿಂತು, ನೂಲು ಸುತ್ತಿದ ಬೀಮಿನ ಭಾರ ಹೊತ್ತ ಮೇಲೆಯೇ. ಖಾಲಿ ಮಗ್ಗ ಬಿಗಿದರೆ ಭಾರ ಬಿದ್ದ ದಿನ ಸೊಟ್ಟಗಾಗುತ್ತದೆ. ಕಾರೂ ನಾಲ್ಕು ಗಾಲಿಯ ಮೇಲೆ ನಿಂತಿರಬೇಕು, ಬಾಗಿಲು ಮುಚ್ಚಿರಬೇಕು, ಕೂಡುವವರು ಕೂತಿರಬೇಕು.

“ಎಡಕ್ಕ ಯಾರ ಕೂಡತಾರ?”

“ನನ್ನ ಹೆಂಡತಿ.”

“ಮುಂದಿನ ಐತವಾರ ನಮಗ ಸುಟ್ಟಿ. ಕರಕೊಂಡ ಬರ್ರಿ. ಬರಾಕ ಆಗಲಿಲ್ಲಂದ್ರ ಅವರ ತೂಕದಷ್ಟ ನೂಲಿನ ಗಂಟ ಇಡೋಣು. ತೂಕ ಎಷ್ಟ?”

ನನಗೆ ಗೊತ್ತಿರಲಿಲ್ಲ. ಆ ವಾರ ಕೊಲ್ಹಾಪುರದ ಪೇಟೆಗೆ ಎಷ್ಟು ಬೆಲ್ಲ ಬಂತೆಂದು ಕೇಳಿದ್ದರೆ ಹೇಳುತ್ತಿದ್ದೆ. ಅವರು ನನ್ನ ಮುಖ ನೋಡಿದರು. ನನಗೆ ಕೇಳಿಸಲಿಲ್ಲವೆಂದುಕೊಂಡು, ಪ್ರಶ್ನೆಯನ್ನು ಇನ್ನೂ ಜೋರಾಗಿ ಕೇಳಿದರು. ಶೆಡ್ಡಿನಲ್ಲಿದ್ದ ಇಬ್ಬರು ತಿರುಗಿ ನೋಡಿದರು.

ಆ ಸಂಜೆಯೇ ಒಂದು ಕಾರ್ಡು ಬರೆದೆ. ತಂತಿಯ ಭಾಷೆ ನನ್ನ ಕೈಗೆ ಹತ್ತಿಬಿಟ್ಟಿತ್ತು. ‘ಕಾರಿನ ಕೆಲಸಕ್ಕೆ ನಿನ್ನ ತೂಕ ಬೇಕಾಗಿದೆ. ಕೂಡಲೇ ತಿಳಿಸುವುದು.’ ಇಷ್ಟೇ ಬರೆದಿದ್ದೆ.

ಶುಕ್ರವಾರ ಬೆಳಗ್ಗೆ ಉತ್ತರ ಬಂತು. ‘ತೂಕವನ್ನು ಕಾರ್ಡಿನಲ್ಲಿ ಬರೆದರೆ ಪೋಸ್ಟಮಾಸ್ತರರು ಓದುತ್ತಾರೆ. ಯಾತಕ್ಕೆಂದು ನೀವು ಬರೆದಿಲ್ಲ. ಕೂಡ್ರಬೇಕಾಗಿದ್ದರೆ ನಾನೇ ಬರುತ್ತೇನೆ. ಭಾನುವಾರ ಶಾಲೆಗೆ ರಜೆ, ಸಿದ್ಧಳಾಗಿರುತ್ತೇನೆ. ಎಲ್ಲಿಗೆ ಬರಬೇಕು ತಿಳಿಸಿರಿ.’

ಆ ಕಾರ್ಡು ಬಂದಾಗ ಕಾರು ಆಗಲೇ ಉದ್ಯಮನಗರದಲ್ಲಿತ್ತು. ಬುಧವಾರ ಆಫೀಸಿನ ತಂತಿ ಬಂದಿತ್ತು; ಶನಿವಾರ ಬಿದ್ರಿಯಲ್ಲಿ ಕಬ್ಬು ಬೆಳೆಗಾರರ ಸಭೆ, ವರದಿ ಅದೇ ಸಂಜೆಯ ಬಸ್ಸಿಗೆ ಬೇಕು. ಜಾಬರ ಹೇಳಿದಂತೆ ಮಾಡುವುದಾದರೆ ಶನಿವಾರ ಕಾರನ್ನು ಇಚಲಕರಂಜಿಯಲ್ಲಿ ಬಿಟ್ಟು, ಐದರ ಬಸ್ಸಿಗೆ ಗಡಹಿಂಗ್ಲಜಕ್ಕೆ ಹೋಗಿ, ಭಾನುವಾರ ಅವಳನ್ನು ಬಸ್ಸಿನಲ್ಲೇ ಕರೆತರಬೇಕು. ಬಿದ್ರಿಯ ಸಭೆ ಇರುವಾಗ ಅದು ಆಗದು. ಸಭೆ ಬಿಡಬಹುದಿತ್ತು. ಆಫೀಸಿಗೆ ಮೈ ಸರಿಯಿಲ್ಲವೆಂದು ಒಂದು ತಂತಿ ಸಾಕಿತ್ತು. ಅದನ್ನು ಆಗ ಯೋಚಿಸಲಿಲ್ಲ, ಈಗ ಬರೆಯುವಾಗ ಯೋಚಿಸುತ್ತಿದ್ದೇನೆ. ಗುರುವಾರ ಕೊಟ್ಟರೆ ಶನಿವಾರ ಸಂಜೆಗೆ ಮಿಸ್ತ್ರಿ ಮುಗಿಸುತ್ತಾರೆ, ಆರಕ್ಕೆ ಪಾಕೀಟು ಕೊಟ್ಟು ಹೊರಡಬಹುದು, ಮೂರನೆಯ ಶನಿವಾರ ತಪ್ಪುವುದಿಲ್ಲ. ಇದೇ ನನ್ನ ಲೆಕ್ಕವಾಗಿತ್ತು.

ಎರಡೂ ಕಡೆಯ ಮಾತಿಗೆ ಜಾಗ ಕೊಡುವುದು ನನ್ನ ಕಸುಬು. ಕಾರಿಗೂ ಹಾಗೇ ಮಾಡಿದೆ. ಮಿಸ್ತ್ರಿಯ ಚಾನೆಲ್ಲು ಇರಲಿ, ಆದರೆ ಹಗುರಾದದ್ದು. ಜಾಬರ ಹೇಳಿದ ತ್ರಿಕೋನ ತಗಡುಗಳೂ ಅಡ್ಡ ಕೊಳವೆಯೂ ಇರಲಿ ಎಂದು ಮುಂಬಯಿಯ ಚಿತ್ರವನ್ನು ಮಿಸ್ತ್ರಿಗೆ ಕೊಟ್ಟೆ. ನಾಲ್ಕು ಗಾಲಿಯ ಮೇಲೆ ನಿಲ್ಲಿಸಿ, ಬಾಗಿಲು ಮುಚ್ಚಿ, ಭಾರ ಇಟ್ಟು ಬೆಸೆಯಬೇಕಂತೆ ಎಂದೂ ಹೇಳಿದೆ. ಆದರೆ ‘ಅಂತೆ’ ಎಂದೇ ಹೇಳಿದೆ.

“ಯಾರಂದ್ರು?”

“ಇಚಲಕರಂಜಿಯ ಒಬ್ಬ ಜಾಬರ.”

“ನಾ ಅವರ ಧೋತರಾ ನೇಯಾಕ ಹೋಗೇನೇನ್ರಿ?” ಎಂದು ಮಿಸ್ತ್ರಿ ಬೆಸೆಯುವ ಗ್ಯಾಸಿನ ಬತ್ತಿ ಹೊತ್ತಿಸಿದರು.

ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ. ಬರೆದರೂ ನನಗಿಂತ ಮೊದಲು ಮುಟ್ಟುವುದಿಲ್ಲ ಎಂದುಕೊಂಡೆ.

ಶನಿವಾರ ಬಿದ್ರಿಯಿಂದ ಬಸ್ಸಿನಲ್ಲಿ ಮರಳುತ್ತ ಮೊಣಕಾಲ ಮೇಲೆ ವರದಿ ಬರೆದು, ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ ಕೊಟ್ಟು, ಆರೂ ಕಾಲಿಗೆ ಉದ್ಯಮನಗರ ಸೇರಿದೆ. ಕಾರು ರೈಲುಹಳಿಯ ಎರಡು ಮರದ ತೊಲೆಗಳ ಮೇಲಿತ್ತು. ಒಂದು ಮೂತಿಯ ಕೆಳಗೆ, ಇನ್ನೊಂದು ಬಾಲದ ಕೆಳಗೆ. ಗಾಲಿಗಳು ಗಾಳಿಯಲ್ಲಿದ್ದವು. ಎಡಬಾಗಿಲು ಕಳಚಿ ಗೋಡೆಗೆ ಒರಗಿಸಿಟ್ಟಿತ್ತು. ಟ್ರಕ್ಕಿನ ಕೆಲಸವನ್ನು ಅವರು ಇಪ್ಪತ್ತು ವರ್ಷದಿಂದ ಹೀಗೇ ಮಾಡುತ್ತಿದ್ದರು: ಎರಡು ತುದಿ ಎತ್ತು, ಅಡ್ಡ ಬರುವ ಬಾಗಿಲು ತೆಗೆ, ಬೆಸೆ. ಟ್ರಕ್ಕಿನ ಚಾಸಿಗೆ ಅದರಿಂದ ಏನೂ ಆಗುವುದಿಲ್ಲ. ಈ ಕಾರಿನ ನಡು ಮೂರು ದಿನ ಜೋತುಬಿದ್ದಿತ್ತು. ಆ ಜೋತುಬಿದ್ದ ಭಂಗಿಯಲ್ಲೇ ಅದಕ್ಕೆ ಉಕ್ಕು ಕಟ್ಟಿದ್ದರು. ಬಲಬಾಗಿಲು ಕಳಚಿರಲಿಲ್ಲ, ಅದು ಹೇಗೋ ಉಳಿದಿತ್ತು. ಎಡಗಡೆಯ ಬಾಗಿಲಿನ ಜಾಗ ಮೇಲ್ಭಾಗದಲ್ಲಿ ಕಿರಿದಾಗಿ ಹೋಗಿತ್ತು.

ಕಾರನ್ನು ಇಳಿಸಿದರು. ಬಾಗಿಲನ್ನು ತಂದು ಕೂಡಿಸಲು ನೋಡಿದರು. ಮೇಲಿನ ಮೂಲೆ ಒಳಗೆ ಹೋಗಲೊಲ್ಲದು. ನಾನು ರಟ್ಟಿನ ಪಟ್ಟಿ ತೆಗೆದೆ. ತೂರಿಸಲು ಸಂದಿಯೇ ಇರಲಿಲ್ಲ. ಮಿಸ್ತ್ರಿ ಸಬ್ಬಲು ಹಾಕಿ ಮೀಟಿದರು, ಸುತ್ತಿಗೆ ಹಾಕಿದರು, ಕಡೆಗೆ ಕೆಳಗಿಟ್ಟರು. ಅವರು ಒಳ್ಳೆಯ ಕೆಲಸಗಾರ; ತಪ್ಪು ಎಲ್ಲಾಯಿತೆಂದು ಅವರಿಗೆ ನನಗಿಂತ ಮೊದಲು ಗೊತ್ತಾಗಿತ್ತು. ಆಗ ಅವರ ಮಾತು ಪೂರಾ ಮರಾಠಿಯಾಗಿತ್ತು. ಎಲ್ಲ ಕತ್ತರಿಸಿ ಮತ್ತೆ ಮಾಡುತ್ತೇನೆ, ನಾಲ್ಕು ದಿನ ಬೇಕು ಎಂದರು. ಆಮೇಲೆ ಕನ್ನಡಕ್ಕೆ ಬಂದರು.

“ಇಲ್ಲಂದ್ರ ಇನ್ನೊಂದೈತಿ. ಮೂಲಿ ಒಂದಿಷ್ಟ ಕತ್ತರಿಸಿ, ಬಾಗಲಾ ಕೂಡಿಸಿ, ಸುತ್ತಲೂ ಬೆಸದ ಬಿಡತೇನಿ. ಇದರಷ್ಟ ಗಟ್ಟಿ ಗಾಡಿ ಕೊಲ್ಹಾಪುರದಾಗ ಇರೂದಿಲ್ಲ. ಆದ್ರ ಆ ಕಡಿಂದ ಯಾರೂ ಹತ್ತಂಗಿಲ್ಲ.”

ಅವರು ಹೇಳಿದ್ದು ನಿಜ. ನಾನು ಎರಡು ವಾರ ಹುಡುಕಿದ ಬಿಗಿಯುವ ಭಾಗಗಳಲ್ಲೆಲ್ಲ ಅತಿ ಬಲವಾದದ್ದು ಆ ಬಾಗಿಲೇ. ತೆರೆಯುವುದನ್ನು ಬಿಟ್ಟರೆ ಬಾಗಿಲು ಒಳ್ಳೆಯ ಗೋಡೆಯಾಗುತ್ತದೆ. ಗಡಿಯಾರ ನೋಡಿದೆ. ಆರೂವರೆ ದಾಟಿತ್ತು.

“ಬೆಸೀರಿ,” ಎಂದೆ.

“ಎಡಕ್ಕ ಯಾರೂ ಕೂಡೂದಿಲ್ಲೇನ್ರಿ?”

“ನನ್ನ ಕಡಿಂದ ಹತ್ತಿ ಸರಕೊಂಡ್ರ ಆತು.”

ಮಿಸ್ತ್ರಿ ಬತ್ತಿ ಹೊತ್ತಿಸಿದರು. ಅರ್ಧ ತಾಸಿನಲ್ಲಿ ಬಾಗಿಲು ಇಲ್ಲವಾಯಿತು. ಹಿಡಿಕೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಆ ದಾರಿ ಚೆನ್ನಾಗಿ ನೆನಪಿದೆ. ಕಾರು ಒಮ್ಮೆಯೂ ಗಡಗಡಿಸಲಿಲ್ಲ. ತವಂದಿ ಘಾಟದ ತಿರುವುಗಳಲ್ಲಿ, ಮೊದಲು ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದ ತಳ, ಕಲ್ಲಿನ ಹಾಗೆ ಸುಮ್ಮನಿತ್ತು. ಏರಿನಲ್ಲಿ ಮಾತ್ರ ಇಂಜಿನು ಏದುಸಿರು ಬಿಟ್ಟಿತು. ಪಕ್ಕದ ಸೀಟಿನ ಮೇಲೆ ಹಿಡಿಕೆ ಇಟ್ಟಿದ್ದೆ, ಅದೂ ಉರುಳಲಿಲ್ಲ. ನನಗೆ ಸಂತೋಷವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮನೆ ಮುಟ್ಟಿದಾಗ ಒಂಬತ್ತೂವರೆ. ಊಟಕ್ಕೆ ಇಕ್ಕುತ್ತ ಅವಳು ಭಾನುವಾರ ಎಷ್ಟು ಹೊತ್ತಿಗೆ ಹೊರಡುವುದೆಂದು ಕೇಳಿದಳು. ಹೋಗುವುದು ಬೇಕಿಲ್ಲ, ಕೆಲಸ ಮುಗಿಯಿತು ಎಂದೆ. ಆಮೇಲೆ ಸಾರು ಬಡಿಸಿದಳು.

ಬೆಳಗ್ಗೆ ನಾನು ಹೊರಗೆ ಬರುವಷ್ಟರಲ್ಲಿ ಅವಳು ಕಾರಿನ ಹತ್ತಿರ ನಿಂತಿದ್ದಳು. ನೀಲಿ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಬುತ್ತಿಯ ಚೀಲ ಇತ್ತು. ಹೋಗುವುದು ಬೇಕಿಲ್ಲವೆಂದರೂ ಒಂದು ಸುತ್ತು ಹೋಗಿ ಬರುತ್ತೇವೆ ಎಂದುಕೊಂಡಿರಬೇಕು. ಎಡಗಡೆಗೆ ಹೋಗಿ ಕೈ ಚಾಚಿದಳು. ಹಿಡಿಕೆ ಇದ್ದ ಜಾಗದಲ್ಲಿ ಎರಡು ತೂತು ಇದ್ದವು. ಬೆಸೆದ ಗೆರೆ ಕಪ್ಪಗೆ ಸುತ್ತಲೂ ಹರಿದಿತ್ತು, ಬಣ್ಣ ಸುಟ್ಟು ಗುಳ್ಳೆ ಎದ್ದಿತ್ತು. ಆ ಗೆರೆಯ ಮೇಲೆ ಬೆರಳೆಳೆದಳು.

“ಇಲ್ಲೊಂದ ಬಾಗಲಾ ಇತ್ತಲ್ರಿ?”

ನಾನು ಎಲ್ಲ ಹೇಳಿದೆ. ತೊಲೆ, ಚಾನೆಲ್ಲು, ಕಿರಿದಾದ ಜಾಗ, ನಾಲ್ಕು ದಿನ, ಆರೂವರೆ. ಒಂದೂ ಬಿಡದೆ ಕ್ರಮವಾಗಿ ಹೇಳಿದೆ. ಅವಳು ಪಾಠ ಒಪ್ಪಿಸುವ ಹುಡುಗಿಯ ಮಾತು ಕೇಳುವ ಹಾಗೆ ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ ಬಲಗಡೆಗೆ ಬಂದು ಒಳಗೆ ಬಗ್ಗಿ ನೋಡಿದಳು. ಸ್ಟಿಯರಿಂಗಿನ ಚಕ್ರ, ಗೇರಿನ ಕೋಲು, ಕೈಬ್ರೇಕು, ಅವುಗಳಾಚೆಗೆ ಅವಳ ಸೀಟು.

“ಅಂದ್ರ ನೀವ ಇಳದ್ರ ಅಷ್ಟ ನಾ ಇಳೀಬೇಕು,” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಗಾಡಿಯ ಒಂದು ಗುಣವನ್ನು ಗುರುತಿಸುವಂತೆ ಹೇಳಿದಳು. ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದಳು. ದಪಾಟಿ, ಶೇಂಗಾ ಚಟ್ನಿ, ಮೊಸರು. ಕಾರನ್ನು ಎದುರಿಗೆ ಇಟ್ಟುಕೊಂಡು ತಿಂದೆವು. ತಿನ್ನುವಾಗ ಅವಳು ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟಳು. ಗುರುವಾರ ಶಾಲೆ ಬಿಟ್ಟ ಮೇಲೆ ಬೆಲ್ಲದ ಅಡತಿಯ ಅಂಗಡಿಗೆ ಹೋಗಿ ಕಾಟಾದ ಮೇಲೆ ನಿಂತು ತೂಕ ಮಾಡಿಸಿದ್ದಳು. ಅಡತಿಯವರು ನಗದೆ ತೂಗಿ, ಬೆಲ್ಲದ ಪೆಂಟೆಗೆ ಬರೆದುಕೊಡುವ ಚೀಟಿಯಲ್ಲೇ ಬರೆದುಕೊಟ್ಟಿದ್ದರಂತೆ.

“ಈಗ ಬೇಕಾಗಂಗಿಲ್ಲ ಅದು,” ಎಂದಳು. ನಾನು ಅದನ್ನು ರಟ್ಟಿನ ಪಟ್ಟಿಗಳ ಜೊತೆ ಕಿಸೆಯಲ್ಲಿಟ್ಟೆ.

ನಾಲ್ಕನೆಯ ಶನಿವಾರವೂ ಹೋದೆ. ಕಾರು ಚೆನ್ನಾಗಿ ಓಡಿತು. ಅವಳು ಕಾರಿನ ಮಾತೇ ಎತ್ತಲಿಲ್ಲ. ಶಾಲೆಯ ಮಾತಾಡಿದಳು, ನಾನು ಬಿದ್ರಿಯ ಮಾತಾಡಿದೆ. ಸೋಮವಾರ ನಸುಕಿನಲ್ಲಿ ಹೊರಡುವಾಗ ಫಾರ್ಮಿನ ಬಗ್ಗೆ ಕೇಳಿದೆ. ಇವತ್ತು ಕೊಡುತ್ತೇನೆ ಎಂದಳು.

ಗುರುವಾರ ಪತ್ರ ಬಂತು. ‘ನಾಲ್ಕು ಶನಿವಾರ ತಪ್ಪದೆ ಬಂದಿರಿ. ನನಗೆ ಸಂತೋಷವಾಯಿತು. ವಿಚಾರ ಮಾಡುತ್ತೇನೆ ಎಂದಿದ್ದೆ, ಮಾಡಿದೆ. ನಾನು ಇಲ್ಲೇ ಇರುತ್ತೇನೆಂದು ಬರೆದುಕೊಟ್ಟಿದ್ದೇನೆ. ನೀವು ಬರುವುದನ್ನು ಬಿಡಬಾರದು.’

ಬಾಗಿಲಿನ ಕಾರಣದಿಂದ ಹೀಗಾಯಿತೆಂದು ನಾನು ಹೇಳುವುದಿಲ್ಲ. ಅವಳು ಹಾಗೆ ಬರೆದಿಲ್ಲ, ಮುಂದೆಯೂ ಯಾವತ್ತೂ ಹೇಳಲಿಲ್ಲ. ಯಾವುದಾದ ಮೇಲೆ ಯಾವುದು ನಡೆಯಿತು ಎಂಬುದನ್ನಷ್ಟೇ ಬರೆದಿದ್ದೇನೆ. ಆ ದಿನ ಖಾನಾವಳಿಗೆ ಹೋದೆ, ಮಾಮೂಲಿನ ಜಾಗದಲ್ಲಿ ಕೂತೆ, ಬಡಿಸುವವನು ಕೇಳದೆ ತಾಟು ಇಟ್ಟ. ಊಟ ಮುಗಿಸಿ ಖೋಲಿಗೆ ಬಂದು ಪತ್ರವನ್ನು ಇನ್ನೊಮ್ಮೆ ಓದಿದೆ. ತಿದ್ದಬೇಕಾದ ಒಂದು ಶಬ್ದವೂ ಅದರಲ್ಲಿರಲಿಲ್ಲ.

ಮುಂದಿನ ಭಾನುವಾರ ಕಾರನ್ನು ಇಚಲಕರಂಜಿಗೆ ಒಯ್ದೆ. ಜಾಬರ ಎಡಬದಿಗೆ ಬಂದು ಬೆಸೆದ ಗೆರೆಯನ್ನು ನೋಡಿದರು. ಅಂಗೈ ಇಟ್ಟರು. ಬೈಯಲಿಲ್ಲ.

“ಅವ್ರು ಬಂದಿಲ್ಲೇನ್ರಿ?”

“ಇಲ್ಲ.”

“ತೂಕ?”

ಬೆಲ್ಲದ ಚೀಟಿ ಕೊಟ್ಟೆ. ಅವರು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮಿಸ್ತ್ರಿಯ ಚಾನೆಲ್ಲುಗಳನ್ನು ಕತ್ತರಿಸಿ ತೆಗೆಯಲು ಮಧ್ಯಾಹ್ನವಾಯಿತು. ಬೆಸುಗೆ ಒಡೆದು, ಬಾಗಿಲು ಬಿಡಿಸಿ, ಕತ್ತರಿಸಿದ ಮೂಲೆಗೆ ತಗಡು ತೇಪೆ ಹಾಕಿದರು. ಆಮೇಲೆ ಕಾರನ್ನು ಶೆಡ್ಡಿನ ಸಪಾಟು ನೆಲದ ಮೇಲೆ ನಾಲ್ಕು ಗಾಲಿಯಲ್ಲಿ ನಿಲ್ಲಿಸಿ, ನನ್ನನ್ನು ಸ್ಟಿಯರಿಂಗಿನ ಹಿಂದೆ ಕೂಡ್ರಿಸಿದರು. ನೂಲಿನ ಗಂಟುಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿಟ್ಟು ತಂದು ಎಡಸೀಟಿನ ಮೇಲೆ ಪೇರಿಸಿದರು. ಕೊನೆಯ ಗಂಟು ಹೆಚ್ಚಾಯಿತೆಂದು ಬಿಚ್ಚಿ ನಾಲ್ಕು ಲಡಿ ತೆಗೆದರು. ಬಾಗಿಲು ಮುಚ್ಚಿದರು. ಅಲುಗಾಡಬೇಡಿರಿ ಎಂದು ನನಗೆ ಹೇಳಿ, ಹೊಸ್ತಿಲಿನ ತಗಡಿನ ಪೆಟ್ಟಿಗೆಗಳನ್ನು ಬೆಸೆಯಲು ಕೆಳಗೆ ಹೋದರು.

ಮೂರು ತಾಸು ಹಾಗೆ ಕೂತಿದ್ದೆ. ಬಿಳಿಯ ನೂಲು ನನ್ನ ಭುಜದ ಎತ್ತರಕ್ಕೆ ಬರುತ್ತಿತ್ತು. ಗಂಜಿಯ ವಾಸನೆ ಇತ್ತು. ಒಮ್ಮೆ ಗಂಟೊಂದು ಜಾರಿದಾಗ ಕೈ ಚಾಚಿ ಹಿಡಿದೆ, ಮತ್ತೆ ಸರಿಯಾಗಿ ಕೂಡ್ರಿಸಿದೆ.

ಸಂಜೆ ಗಂಟುಗಳನ್ನು ಇಳಿಸಿದ ಮೇಲೆ ರಟ್ಟಿನ ಪಟ್ಟಿ ತೂರಿಸಿ ನೋಡಿದೆ. ಮೇಲೆ ನಾಲ್ಕು, ಕೆಳಗೆ ನಾಲ್ಕು. ಹಿಡಿಕೆಯನ್ನು ಮರಳಿ ಹಾಕಿದೆವು. ಬಾಗಿಲು ಒಂದು ಬೆರಳಿಗೆ ತೆರೆಯಿತು, ಒಂದು ಬೆರಳಿಗೆ ಮುಚ್ಚಿತು.

ಶನಿವಾರ ಗಡಹಿಂಗ್ಲಜಕ್ಕೆ ಹೋದೆ. ಮರುದಿನ ಬೆಳಗ್ಗೆ ಅವಳು ಬಾಗಿಲು ತೆರೆದು ನೋಡಿದಳು, ಮುಚ್ಚಿದಳು, ಮತ್ತೆ ತೆರೆದು ಒಳಗೆ ಕೂತಳು. ಎಲ್ಲಿಗೆ ಹೋಗೋಣವೆಂದು ನಾನು ಕೇಳಿದೆ. ಎಲ್ಲಿಗೂ ಬೇಡ, ಪರೀಕ್ಷೆಯ ಪೇಪರುಗಳು ಉಳಿದಿವೆ ಎಂದಳು. ಒಳಗಿಂದ ಅವನ್ನು ತರಿಸಿಕೊಂಡು, ನಿಂತ ಕಾರಿನಲ್ಲೇ ತೊಡೆಯ ಮೇಲಿಟ್ಟು ತಿದ್ದತೊಡಗಿದಳು. ಎಡಬಾಗಿಲನ್ನು ಪೂರಾ ತೆರೆದೇ ಇಟ್ಟಿದ್ದಳು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಬಿಸಿಲು ಏರಿದ ಮೇಲೆ ಇಳಿದು, ಬಾಗಿಲು ಮುಚ್ಚಿ, ಒಳಗೆ ಹೋದಳು.